ಡೀಸೆಲ್ ವ್ಯಾಗನ್ನಿನಲ್ಲಿ ಕೇಳಿಸದ ಮಾತು

ಕೊಡಗು ಆಗಷ್ಟೇ ಮೈಸೂರು ರಾಜ್ಯಕ್ಕೆ ಸೇರಿತ್ತು. ತಮ್ಮ ದೇಶಕ್ಕೆ ಮರಳುವ ಇಂಗ್ಲಿಷ್ ದೊರೆಗಳ ಕಾರುಗಳನ್ನು ನಾನು ಪೊನ್ನಂಪೇಟೆಯಲ್ಲಿ ಮಾರಿಸಿಕೊಡುತ್ತಿದ್ದೆ.

ಒಂದು ದಿನ, ಕಿವಿ ಸ್ವಲ್ಪ ಮಂದವಾಗಿದ್ದ ತೋಟದ ಗೌಡರೊಬ್ಬರು ಹೆಂಡತಿಯ ಜೊತೆ ಬಂದರು. ಕಿತ್ತಳೆ ಬುಟ್ಟಿಗಳಿಗೆ ಜಾಗವಿದ್ದ ಜರ್ಮನ್ ಡೀಸೆಲ್ ವ್ಯಾಗನ್ ಗೌಡರಿಗೆ ಹಿಡಿಸಿತು. ಇಬ್ಬರನ್ನೂ ಕೂರಿಸಿ, ಅದರ ಮೈಲೇಜನ್ನು ಹೊಗಳುತ್ತಾ ಸ್ಟಾರ್ಟ್ ಮಾಡಿದೆ; ಎಂಜಿನ್ ಗಡಗಡ ಎಂದಿತು.

ಗೌಡರ ಹೆಂಡತಿ ಮೆಲ್ಲಗೆ, "ಕರಿಕೆಗೆ, ಮಗಳ ಮನೆಗೆ ಹೋಗುವನಾ?" ಎಂದರು.

"ಏನು?" ಎಂದರು ಗೌಡರು.

ಆಮೇಲೆ ಹೆಚ್ಚು ಸದ್ದು ಮಾಡದ ಪುಟ್ಟ ಇಟಲಿ ಪೆಟ್ರೋಲ್ ಕಾರಿನಲ್ಲಿ ಕೂರಿಸಿದೆ; ಅಲ್ಲೂ ಹೆಂಡತಿ ಅದನ್ನೇ ಕೇಳಿದರು.

"ನಾಳೆಯೇ ಹೋಗುವ," ಎಂದರು ಗೌಡರು.

"ಹಾಗಾದರೆ ಇದೇ ಇರಲಿ," ಎಂದು ಹೆಂಡತಿ ನಕ್ಕರು.

ಕಾಗದಕ್ಕೆ ಸಹಿ ಹಾಕುವಾಗ ಗೌಡರು ನನ್ನ ಕಿವಿಯಲ್ಲಿ ಹೇಳಿದರು: "ಡೀಸೆಲಲ್ಲೂ ಕೇಳಿತ್ತು ಮಾರಾಯ. ಅವಳ ಕಣ್ಣು ಮೊದಲಿಂದಲೂ ಈ ಸಣ್ಣ ಕಾರಿನ ಮೇಲೇ ಇತ್ತಲ್ಲ."

ನನ್ನ ಮೈಲೇಜಿನ ಭಾಷಣ ಮಾತ್ರ ಅವರಿಗೆ ನಿಜಕ್ಕೂ ಕೇಳಿಸಿರಲಿಲ್ಲ.