ಮುಚ್ಚಿದ ಪುಸ್ತಕದ ಕಾವಲು

ಜಾವಗಲ್ಲಿನ ಲೈಬ್ರರಿಗೆ ನಾನು ಅಧಿಪತಿಯಾಗಿದ್ದಾಗ, ಓದಲು ಬರುವವರಿಗಿಂತ ಓದಬಾರದೆಂದು ಹೇಳಲು ಬರುವವರ ಮೇಲೆಯೇ ನನ್ನ ಕಣ್ಣು. ಓದುವವರು ಪುಸ್ತಕ ವಾಪಸ್ ತರುವುದಿಲ್ಲ, ಅಷ್ಟೆ.

ಮರಿಸ್ವಾಮಿಯೊಬ್ಬ ಕಾವಿ ಕಳಚಿ ಮದುವೆಯಾಗುವ ಕಾದಂಬರಿ ನಮ್ಮಲ್ಲಿದೆಯೆಂದು ಯಾರೋ ಕೊಬ್ಬರಿ ಮಂಡಿ ಯಜಮಾನರ ಕಿವಿ ಊದಿದ್ದರು. ಅವರೋ ಮಠದ ಪರಮಭಕ್ತರು.

"ಅದನ್ನ ತೆಗೆದುಹಾಕ್ರೀ."

"ನೀವು ಓದಿದ್ದೀರಾ?"

"ಥೂ! ಅದರ ಪುಟ ತೆರೆಯೋನಲ್ಲ ನಾನು."

"ಹಾಗಾದ್ರೆ ಓದಿ ಬನ್ನಿ, ಜಗಳ ಆಡೋಣ."

ಮರುದಿನ ಬಾಗಿಲು ತೆಗೆಯುವಷ್ಟರಲ್ಲಿ ಹಾಜರು. ಮನೆಗೊಯ್ಯಲು ಮನಸ್ಸೊಪ್ಪದು. ಪುಸ್ತಕವನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಮೊಣಕೈ ಊರಿ, ಬಾಗಿಲು ಹಾಕುವವರೆಗೂ ಪೇಪರ್ ಓದಿದರು. ದಿನವೂ ಇದೇ ತಪಸ್ಸು. ಕೂತವರ ಕೈಯಿಂದ ಪುಸ್ತಕ ಕಿತ್ತುಕೊಳ್ಳಬಾರದೆಂಬುದು ನಾನೇ ಹೊರಡಿಸಿದ ರಾಜಾಜ್ಞೆ.

ಅದೇ ಪುಸ್ತಕಕ್ಕೆಂದು ಹಳೇಬೀಡಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಎಂ.ಎ. ಹುಡುಗಿ ಅಳುಮುಖ ಮಾಡಿಕೊಂಡು ನಿಂತಳು. "ಸೋಮವಾರ ಸೆಮಿನಾರಲ್ಲಿ ಅದರ ಮೇಲೆ ಮಾತಾಡ್ಬೇಕು ಸರ್. ಬೇರೆಲ್ಲೂ ಸಿಗ್ತಿಲ್ಲ."

ನಮ್ಮ ಪುಸ್ತಕಗಳಿಗೆಲ್ಲ ಹಳೇ ಕ್ಯಾಲೆಂಡರ್ ಹಾಳೆಯ ಬೈಂಡು, ಮೇಲೆ ನನ್ನ ಕೈಬರಹದಲ್ಲಿ ಹೆಸರು. ಆ ಸಂಜೆ, ಧರ್ಮಸಂಕಟವನ್ನು ಯಥೋಚಿತವಾಗಿ ಅನುಭವಿಸಿ ಮುಗಿಸಿ, ಕಾದಂಬರಿಯ ಬೈಂಡನ್ನು ತೆಂಗಿನ ರೋಗಗಳ ಪುಸ್ತಕಕ್ಕೂ ಅದರದನ್ನು ಕಾದಂಬರಿಗೂ ತೊಡಿಸಿದೆ.

ಯಜಮಾನರು ತೆಂಗಿನ ರೋಗಗಳಿಗೆ ಕಾವಲು ಕೂತರು. ಎದುರಿಗೇ ಹುಡುಗಿ ಓದುತ್ತ ಓದುತ್ತ ಕಣ್ಣೊರೆಸಿಕೊಂಡಳು. ಅವರು ಪೇಪರ್ ಇಳಿಸಿದರು.

"ಏನವ್ವಾ, ತೆಂಗಿನ ರೋಗಕ್ಕೆ ಇಷ್ಟೊಂದು ಅಳೋದಾ?"

"ನಮ್ ತೋಟಕ್ಕೆ ನುಸಿ ಬಿದ್ದೈತೆ ಯಜಮಾನ್ರೇ."

ಭಾನುವಾರ ಅವಳು ಮುಗಿಸಿ ಹೋದಳು. ಸಂಜೆ ಯಜಮಾನರು ತಮ್ಮ ಕಾವಲಿನ ಪುಸ್ತಕ ನನ್ನ ಮುಂದಿಟ್ಟರು.

"ಕಾಂಡ ಸೋರೋ ರೋಗಕ್ಕೆ ಬೇವಿನ ಹಿಂಡಿ ಹಾಕ್ಬೇಕಂತಲ್ರೀ."

ತೆರೆದಿದ್ದಾರೆ! ಯಾವತ್ತು? ಗೊತ್ತಿದ್ದೂ ಸುಮ್ಮನಿದ್ದುದೇಕೆ?

"ಆ ಹುಡುಗಿ ಓದ್ತಿದ್ದಳಲ್ಲ, ಆ ತೆಂಗಿನ ಪುಸ್ತಕ ಕೊಡ್ರೀ. ಮನೆಗೆ ಒಯ್ತೀನಿ."

ಓದೋಕೋ, ಒಲೆಗೋ? ಇದ್ದದ್ದು ಅದೊಂದೇ ಪ್ರತಿ. ಆದರೆ ಕೇಳಿದವರಿಗೆ ಪುಸ್ತಕ ಕೊಡಬೇಕೆಂದು ಊರಿಗೆಲ್ಲ ಬೋಧಿಸಿದ ಬಾಯಿ ಇದು. ಕೊಟ್ಟೆ. ಆಮೇಲೆ ಅವರ ಮನೆಯ ಕಡೆ ಹೊಗೆ ಎದ್ದಾಗಲೆಲ್ಲ ಕತ್ತೆತ್ತಿ ನೋಡುತ್ತಿದ್ದೆ.

ಪುಸ್ತಕ ಗಡುವಿನೊಳಗೇ ಬಂತು, ಅದೇ ಮೊದಲ ಅನುಮಾನ. ಹಾಳೆ ಹಾಳೆ ತಿರುವಿ ನೋಡಿದೆ, ಒಂದೂ ಹರಿದಿರಲಿಲ್ಲ. ಮದುವೆಯ ಅಧ್ಯಾಯದ ಅಂಚಿನಲ್ಲಿ ಮಾತ್ರ ಕೊಬ್ಬರಿ ಜಿಡ್ಡಿನ ಹೆಬ್ಬೆರಳ ಗುರುತು, ಒಂದರ ಮೇಲೊಂದು. ಯಾರದೆಂದು ನಾನು ಪ್ರಮಾಣ ಮಾಡಿ ಹೇಳಲಾರೆ.