ಆಲ್ಪ್ಸ್ ದಾರಿಯಲ್ಲಿ ನನ್ನ ವಸ್ತಿ

ಗೆಳೆಯರೇ, ಇವತ್ತು ನಮ್ಮ ಅಥಣಿಯ ಮನೆಯಲ್ಲಿ ಯುರೋಪಿನ ನಕಾಶೆ ಹರಡಿಕೊಂಡು ಜಗಳವಾಯಿತು.

ಜುಲೈಯಲ್ಲಿ ಬಾಡಿಗೆ ಬೈಕಿನ ಮೇಲೆ ಪ್ಯಾರಿಸ್‌ನಿಂದ ಆಲ್ಪ್ಸ್‌ವರೆಗೆ ಒಬ್ಬಳೇ ಹೋಗುವ ದಾರಿಗೆ ಗುರುತು ಹಾಕುತ್ತಿದ್ದೆ. ಅಕ್ಟೋಬರಿನಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟ್ನಿ ಕೆಲಸ ಶುರುವಾದರೆ ನಾನು ತೋಟ ಬಿಟ್ಟು ಅಲ್ಲಾಡುವಂತಿಲ್ಲ.

ಅಪ್ಪನ ತಮ್ಮ, ನಮ್ಮ ಕಾಕಾ, ಒಂದು ಊರಿನ ಮೇಲೆ ಬೆರಳಿಟ್ಟರು.

"ಇಲ್ಲಿ ರಾತ್ರಿ ವಸ್ತಿ ಯಾರ ಮನ್ಯಾಗ?"

"ಯಾರ ಮನ್ಯಾಗೂ ಇಲ್ರಿ. ಟೆಂಟ್ ಹಾಕ್ತೀನಿ."

"ಬೀಗರಿಲ್ಲ, ಬಳಗಿಲ್ಲ. ಹೆಣ್ಣಮಗಳು ಗುರ್ತಿಲ್ಲದ ಊರಾಗ ಮಲಗ್ತೀಯೇನ? ಹೋಗೂದು ಬ್ಯಾಡ."

"ಕಾಕಾ, ಪ್ರತಿ ವರ್ಷ ಆಷಾಢದಾಗ ವಾರಕರಿ ದಿಂಡಿ ಜೋಡಿ ಪಂಢರಪುರಕ್ಕ ನಡ್ಕೊಂತ ಹೋಗ್ತೀರಲ್ಲ, ದಾರ್ಯಾಗ ಯಾವ ಬೀಗರ ಮನ್ಯಾಗ ಮಲಗ್ತೀರಿ?"

"ಅಲ್ಲಿ ವಿಠ್ಠಲ ಕರೀತಾನ!"

"ನನಗ ಗುಡ್ಡ ಕರ್ಯಾಕತ್ತಾವ್ರಿ."

ಕಾಕಾ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ನಾನು ಗುರುತು ಹಾಕುವುದನ್ನು ಮುಂದುವರಿಸಿದೆ.

ಈ ಸಲದ ಆಷಾಢಕ್ಕೆ ನಮ್ಮ ಮನೆಯಿಂದ ಇಬ್ಬರು ಹೊರಡುತ್ತೇವೆ: ನಾನು ಆಲ್ಪ್ಸ್‌ಗೆ, ಕಾಕಾ ಪಂಢರಪುರಕ್ಕೆ. ತಮ್ಮ ದಾರಿಗೆ ಅವರು ಯಾರ ಅಪ್ಪಣೆಯನ್ನೂ ಕೇಳಿದವರಲ್ಲ, ನಾನೂ ಕೇಳುವುದಿಲ್ಲ. ಹಾಸಿಗೆಯನ್ನು ಚಿಕ್ಕದಾಗಿ ಸುತ್ತಿ ಕಟ್ಟುವುದನ್ನು ಮಾತ್ರ ಕಾಕಾನ ಹತ್ತಿರವೇ ಕಲಿಯಬೇಕು. ಗುರ್ತಿಲ್ಲದ ಊರುಗಳಲ್ಲಿ ಮಲಗಿ ಅವರಿಗೆ ಚೆನ್ನಾಗಿ ರೂಢಿಯಾಗಿದೆ.