ಟೀವಿ ಮೇಷ್ಟ್ರು ಕಲಿಸಿದ ಮೊದಲ ವಾಕ್ಯ

ಮಗಳಿಗೆ ಕನ್ನಡ ಕಲಿಸಲು ನಾನು ಟೀವಿಯನ್ನು ಮೇಷ್ಟ್ರಾಗಿ ನೇಮಿಸಿಕೊಂಡಿದ್ದೆ ಎಂದು ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ. ಆದರೆ ರಜೆ ಕೇಳದ, ಮಗು ತೂಕಡಿಸಿದರೂ ಸಿಟ್ಟಾಗದ ಕನ್ನಡ ಮೇಷ್ಟ್ರು ಮಲೇಷಿಯಾದ ಈ ಸುಬಾಂಗ್ ಜಯಾದಲ್ಲಿ ಬೇರೆಲ್ಲಿ ಸಿಗುತ್ತಾರೆ, ನೀವೇ ಹೇಳಿ. ಪುಸ್ತಕ ತರಿಸಿ ನೋಡಿದೆವು. ಅ ಆ ಇ ಈ ಪಟವನ್ನು ಗೋಡೆಗೆ ಅಂಟಿಸಿದೆವು. ಅದು ಈ ಊರಿನ ಸೆಖೆಗೆ ಆರು ತಿಂಗಳಲ್ಲಿ ಸುರುಳಿ ಸುತ್ತಿಕೊಂಡು, ಹಿಂದೆ ಒಂದು ಹಲ್ಲಿಗೆ ಮನೆ ಮಾಡಿಕೊಟ್ಟಿತು. ಕೊನೆಗೆ ಉಳಿದದ್ದು ಭಾನುವಾರದ ಕಾಮಿಡಿ ಷೋ ಒಂದೇ.

ನಮ್ಮ ಮನೆಯ ಭಾಷಾಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು. ನಾನು ಮಂಗಳೂರಿನ ಕ್ಯಾಥೊಲಿಕ. ತೊಟ್ಟಿಲಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಹೆಂಡತಿ ಶರ್ಲಿ ಬೆಂಗಳೂರಿನವಳು, ಅವಳಿಗೆ ಕೊಂಕಣಿ ಬಾರದು. ಹಾಗಾಗಿ ನಮ್ಮ ಪ್ರೀತಿ, ಜಗಳ ಎರಡೂ ಕನ್ನಡದಲ್ಲೇ ನಡೆಯುತ್ತವೆ. ಒಂಬತ್ತು ವರ್ಷದ ಮಗಳು ರಿಯಾ ನಮ್ಮ ಜಗಳವನ್ನು ಅಕ್ಷರ ಬಿಡದೆ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ತೀರ್ಪು ಕೊಡುತ್ತಾಳೆ. ಅವಳ ಬಾಯಿಂದ ಒಂದೇ ಒಂದು ಪೂರ್ತಿ ಕನ್ನಡ ವಾಕ್ಯ ಕೇಳಬೇಕೆಂಬುದು ನನ್ನ ಬಹುದಿನಗಳ ಆಸೆಯಾಗಿತ್ತು. ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಬೇರೆಯವರಿಗೆ ಆಸ್ತಿ ಇದ್ದ ಹಾಗೆ ನನಗೆ ಆ ಹತ್ತು ವರ್ಷದ ಕನ್ನಡ. ಅದನ್ನು ಯಾರಿಗಾದರೂ ಕೊಟ್ಟು ಹೋಗಬೇಡವೇ?

ಷೋ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ನಮ್ಮದರಲ್ಲಿ ಕುಂಟಕ್ಕ ಎಂಬ ಪಾತ್ರವಿತ್ತು. ಗಂಡಸೊಬ್ಬ ಸೀರೆ ಉಟ್ಟು, ಕೋಲು ಹಿಡಿದು, ಸೊಟ್ಟಪಟ್ಟ ಹೆಜ್ಜೆ ಹಾಕುತ್ತಾ ಬರುತ್ತಿದ್ದ. ‘ಕುಂಟಕ್ಕ ಬಂದ್ಲು!’ ಎಂದು ವೇದಿಕೆಯ ಮೇಲಿದ್ದವರೆಲ್ಲ ಕೂಗುತ್ತಿದ್ದರು. ಡೋಲು ಬಡಿಯುತ್ತಿತ್ತು, ತೀರ್ಪುಗಾರರು ಕುರ್ಚಿಯಿಂದ ಜಾರುತ್ತಿದ್ದರು. ಪೂಜೆ ಮುಗಿಸಿ ಚರ್ಚಿನಿಂದ ಬಂದು, ಪಾಪ ನಿವೇದನೆಯ ಬಿಸಿ ಆರುವ ಮೊದಲೇ, ನಾನೂ ತೊಡೆ ತಟ್ಟಿಕೊಂಡು ನಗುತ್ತಿದ್ದೆ. ಪಕ್ಕದಲ್ಲಿ ರಿಯಾ ಪಾಠ ಕೇಳುತ್ತಿದ್ದಳು.

ಇನ್ನು ಸವಿತಾ ವಿಷಯ. ಬಾಗಲಕೋಟೆ ಕಡೆಯ ಹುಡುಗಿ, ಇಲ್ಲಿನ ನಿಲಾಯ್ ಎಂಬ ಊರಿನ ಒಂದು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಹುಟ್ಟಿನಿಂದಲೇ ಒಂದು ಕಾಲು ಗಿಡ್ಡ, ಕೋಲು ಊರಿಕೊಂಡು ನಡೆಯುತ್ತಾಳೆ. ಗೆಳೆಯರೊಬ್ಬರ ಮನೆಯ ಊಟದಲ್ಲಿ ಪರಿಚಯವಾಗಿ, ಆಮೇಲೆ ಹದಿನೈದು ದಿನಕ್ಕೊಮ್ಮೆ ಭಾನುವಾರ ಎರಡು ರೈಲು ಬದಲಿಸಿ ನಮ್ಮಲ್ಲಿಗೆ ಬರತೊಡಗಿದಳು. ಅವಳು ಬರುವ ದಿನ ಹಂದಿ ಮಾಂಸದ ಬಾಫತ್‌ಗೆ ರಜೆ. ಶರ್ಲಿ ತಮಿಳರ ಅಂಗಡಿಯಿಂದ ಜೋಳದ ಹಿಟ್ಟು ತಂದು ರೊಟ್ಟಿ ಬಡಿಯುತ್ತಾಳೆ. ರೊಟ್ಟಿ ಮಲೇಷಿಯಾದ ನಕ್ಷೆಯ ಹಾಗೆ ಎರಡು ತುಂಡಾಗಿ ತಟ್ಟೆಗೆ ಬೀಳುತ್ತದೆ. ಸವಿತಾ ಎರಡನ್ನೂ ಜೋಡಿಸಿಕೊಂಡು ತಿನ್ನುತ್ತಾಳೆ. ಅವಳು ಬಲು ತಮಾಷೆಯ ಹುಡುಗಿ. ರೈಲಿನಲ್ಲಿ ಅವಳ ಕೋಲು ಕಂಡ ತಕ್ಷಣ ಐದು ಜನ ಒಟ್ಟಿಗೆ ಎದ್ದು, ಯಾರು ಸೀಟು ಬಿಡಬೇಕೆಂದು ತಮ್ಮತಮ್ಮಲ್ಲೇ ವಾದಿಸುವಾಗ ಮುಂದಿನ ಸ್ಟೇಷನ್ ಬಂದುಬಿಡುವುದನ್ನು ಅವಳ ಬಾಯಿಂದಲೇ ಕೇಳಬೇಕು. ರಿಯಾಳಿಗಂತೂ ಸವಿತಾ ಬರುವುದೆಂದರೆ ಹಬ್ಬ.

ಅಂಥದೊಂದು ಭಾನುವಾರ ಬಾಗಿಲ ಗಂಟೆ ಸದ್ದಾಯಿತು. ರಿಯಾ ಓಡಿಹೋಗಿ ಬಾಗಿಲು ತೆಗೆದು, ಮುಖವೆಲ್ಲ ಅರಳಿಸಿಕೊಂಡು, ಒಳಗೆ ತಿರುಗಿ ಸ್ಪಷ್ಟವಾಗಿ ಹೇಳಿದಳು: “ಅಮ್ಮಾ, ಕುಂಟಕ್ಕ ಬಂದ್ರು.”

ಒಂಬತ್ತು ವರ್ಷ ಕಾದ ವಾಕ್ಯ. ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಟೀವಿಯಲ್ಲಿ ‘ಬಂದ್ಲು’ ಅನ್ನುವುದನ್ನು ಹಿರಿಯರಿಗೆ ಸಲ್ಲುವ ಹಾಗೆ ‘ಬಂದ್ರು’ ಎಂದು ತಾನೇ ತಿದ್ದಿಕೊಂಡಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಹನ್ನೊಂದನೇ ಮಹಡಿಯಲ್ಲಿ ನಿಂತವನಿಗೆ ಆ ಅನುಕೂಲವೂ ಇಲ್ಲ. ಇಂಥ ಹೊತ್ತಿನಲ್ಲಿ ಅಪ್ಪಂದಿರು ಏನು ಮಾಡುತ್ತಾರೋ ಅದನ್ನೇ ನಾನೂ ಮಾಡಿದೆ. ಮಗಳ ಮೇಲೆ ರೇಗಿದೆ. ರಿಯಾಳ ಕಣ್ಣು ತುಂಬಿತು. ಅವಳು ನನ್ನನ್ನೇ ನೋಡುತ್ತಾ ಹೇಳಿದಳು: “ಪಪ್ಪಾ, ಯು ಆಲ್ವೇಸ್ ಲಾಫ್ ವೆನ್ ದೇ ಸೇ ಇಟ್. ಐ ಥಾಟ್ ಇಟ್ಸ್ ಎ ನೈಸ್ ವರ್ಡ್.”

ದೊಡ್ಡಮ್ಮ, ಚಿಕ್ಕಮ್ಮ, ಸಣ್ಣಮಾಮ ಇದ್ದ ಹಾಗೆ ಕೋಲು ಹಿಡಿದ ಅಕ್ಕನಿಗೆ ಕುಂಟಕ್ಕ ಎಂದು ಅವಳು ತಿಳಿದಿದ್ದಳು. ಇಲ್ಲಿನ ಶಾಲೆಯಲ್ಲಿ ಯಾರನ್ನೂ ಅವರ ಮೈಯ ಕೊರತೆ ಹಿಡಿದು ಕರೆಯಬಾರದೆಂದು ಮಲಾಯ್ ಟೀಚರು ಮೊದಲ ತರಗತಿಯಲ್ಲೇ ಕಲಿಸಿದ್ದರು. ಮಲಾಯ್‌ನಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಅವಳು ಹಾಗೆ ಎಂದೂ ಅಂದವಳಲ್ಲ. ಕನ್ನಡಕ್ಕೆ ಮಾತ್ರ ನಾನು ಟೀಚರು.

ಸವಿತಾ ಚಪ್ಪಲಿ ಬಿಟ್ಟು ಒಳಗೆ ಬಂದಳು. “ಹುಡುಗಿಗೆ ಯಾಕ ಬೈತೀರಿ ಸರ್? ಆಕಿ ಪಾಠ ಬರೋಬ್ಬರಿ ಒಪ್ಪಿಸ್ಯಾಳ. ಬೈಯೂದಿದ್ರ ಕಲಿಸಿದವ್ರಿಗೆ ಬೈರಿ,” ಅಂದಳು. ನಗುತ್ತಾ ಅಂದಳೋ ಇಲ್ಲವೋ ನೋಡುವ ಧೈರ್ಯ ನನಗಿರಲಿಲ್ಲ.

ಊಟಕ್ಕೆ ಕೂತಾಗ ನಾನು ಏನೇನೋ ಸಮಜಾಯಿಷಿ ಕೊಟ್ಟೆ. ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಳ್ಳುವವಳು ನೀನು, ನಮ್ಮ ಜೊತೆ ಕೂತು ಆ ಷೋ ನೋಡಿ ನೀನೂ ನಕ್ಕಿದ್ದೀಯಲ್ಲ ಎಂದೆ. ಅವಳು ರೊಟ್ಟಿಯ ತುಂಡನ್ನು ಕೆಳಗಿಟ್ಟಳು.

“ಹಾಸ್ಟೆಲ್‌ನಾಗ ನಮ್ಮ ಕಡೆ ಹುಡುಗ್ಯಾರೂ ನೋಡ್ತಾರ್ರಿ. ಆಕಿ ಬಂದ ಕೂಡ್ಲೆ ಎಲ್ಲಾರೂ ಟೀವಿ ಬಿಟ್ಟು ನನ್ನ ಮಾರಿ ನೋಡ್ತಾರ. ನಾ ನಕ್ಕರ ಅವ್ರಿಗೆ ಸಮಾಧಾನ. ನಗಲಿಲ್ಲಂದ್ರ ನನಗ ತಮಾಷಿ ತಿಳಿಯೂದಿಲ್ಲಂತ. ಅದಕ್ಕ ನಾ ಎಲ್ಲಾರಕಿಂತ ಮೊದ್ಲ ನಕ್ಕುಬಿಡ್ತೀನಿ.”

ನಮ್ಮ ಮನೆಯಲ್ಲೂ ಅವಳೇ ಮೊದಲು ನಗುತ್ತಿದ್ದಳು. ಎಂಥ ದೊಡ್ಡ ಮನಸ್ಸು ಎಂದು ನಾನು ಶರ್ಲಿಯ ಹತ್ತಿರ ಹೊಗಳಿದ್ದೂ ಉಂಟು. ಆ ಮಧ್ಯಾಹ್ನ ಸವಿತಾ ಬೇಗ ಹೊರಟಳು. ಮುಂದಿನ ಸಲ ಬರಲಿಲ್ಲ. ಓದುವುದಿದೆ ಎಂಬ ಸಂದೇಶ ಬಂತು. ಇತ್ತ ರಿಯಾ ಕನ್ನಡದ ಅಂಗಡಿಯನ್ನೇ ಮುಚ್ಚಿಬಿಟ್ಟಳು. ನೀರು ಬೇಕಾ ಎಂದರೆ ‘ನೋ’, ಬೇಡವಾ ಎಂದರೂ ‘ನೋ’. ಒಂದೇ ವಾಕ್ಯಕ್ಕೆ ಮನೆಗೆ ಬರುತ್ತಿದ್ದ ಹುಡುಗಿಯನ್ನೂ ಮನೆಯಲ್ಲಿದ್ದ ಹುಡುಗಿಯ ಕನ್ನಡವನ್ನೂ ಕಳೆದುಕೊಂಡೆನಲ್ಲ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ತಪ್ಪು ಮಾಡಿದವನಿಗೆ ಪಾಂಡಿತ್ಯದ ನೆನಪಾಗುತ್ತದೆ. ಹಾಸ್ಯದ ಚರಿತ್ರೆಯನ್ನೆಲ್ಲ ತಡಕಾಡಿದೆ. ಹಳೆಯ ಸಂಸ್ಕೃತ ನಾಟಕಗಳ ವಿದೂಷಕ ತನ್ನ ಹೊಟ್ಟೆಬಾಕತನವನ್ನೂ ಪುಕ್ಕಲುತನವನ್ನೂ ತಾನೇ ಆಡಿಕೊಂಡು ನಗಿಸುತ್ತಿದ್ದ. ನಮ್ಮೂರ ಯಕ್ಷಗಾನದ ಹಾಸ್ಯಗಾರ ಕಿರೀಟ ಹೊತ್ತ ರಾಜನ ಕಾಲನ್ನೇ ಎಳೆಯುತ್ತಿದ್ದ. ಅವರ ನಗೆ ಮೇಲಕ್ಕೆ ಏರುತ್ತಿತ್ತು, ಟೀವಿಯ ನಗೆ ಕೆಳಕ್ಕೆ ಇಳಿಯುತ್ತದೆ ಎಂಬ ಸಿದ್ಧಾಂತವನ್ನು ಕಟ್ಟಿ ಒಂದೆರಡು ದಿನ ಬೀಗಿದೆ. ಆಮೇಲೆ ಕುಂಟನಿಗೆ ಎಂಟು ಚೇಷ್ಟೆ, ಕಿವುಡನ ಮುಂದೆ ಕಿನ್ನರಿ ನೆನಪಾದವು. ಆಫೀಸಿನ ಮೀಟಿಂಗುಗಳ ಬಗ್ಗೆ ಹೇಳುವಾಗೆಲ್ಲ ಆ ಕಿನ್ನರಿಯನ್ನು ನಾನು ಎಷ್ಟು ಸಲ ಬಾರಿಸಿದ್ದೇನೋ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಗಾದೆ ಸುಳ್ಳಾಗದೆ ಇರಬಹುದು, ಆದರೆ ಗಾದೆ ಕಟ್ಟುವಾಗ ಆ ಕುಂಟನನ್ನು ಯಾರೂ ಒಂದು ಮಾತು ಕೇಳಿದ ಹಾಗೆ ಕಾಣುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ನಾನು ಟೀವಿಯನ್ನು ಬೈಯುತ್ತಾ ಕೂತಿದ್ದೆ. ಶರ್ಲಿ ಒಂದು ದಿನ, ಸಿದ್ಧಾಂತ ಎಲ್ಲ ಆಯ್ತಲ್ಲ, ಹೋಗಿ ಒಂದು ಸಾರಿ ಮಾತಾಡಿಕೊಂಡು ಬನ್ನಿ ಅಂದಳು.

ಹತ್ತು ದಿನ ತಿದ್ದಿ ತೀಡಿ ಒಂದು ಕ್ಷಮಾಪಣೆ ಸಿದ್ಧಮಾಡಿಕೊಂಡೆ. ಸಂವೇದನೆ, ಸಹಾನುಭೂತಿ, ಪೂರ್ವಾಗ್ರಹ ಎಲ್ಲವೂ ಅದರಲ್ಲಿ ಬರುತ್ತಿದ್ದವು. ಭಾನುವಾರ ಪೂಜೆ ಮುಗಿದ ಮೇಲೆ ಕೆಳಗಿನ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಇಲ್ಲಿನ ಪರೋಟವಾದ ರೊಟಿ ಚಾನಾಯ್, ಬೇಳೆ ಸಾರು ತಪಾವ್ ಮಾಡಿಸಿ, ಅಂದರೆ ಪೊಟ್ಟಣ ಕಟ್ಟಿಸಿಕೊಂಡು, ಕಾರು ಹತ್ತಿದೆ. ರಿಯಾಳನ್ನು ಕರೆಯಲು ನನಗೆ ಧೈರ್ಯವಿರಲಿಲ್ಲ. ಅವಳೇ ಬಂದು ಹಿಂದಿನ ಸೀಟಿನಲ್ಲಿ ಕೂತು, ನಿಲಾಯ್‌ವರೆಗೂ ಸಾರಿನ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡಿದ್ದಳು.

ಸವಿತಾ ಕ್ಯಾಂಟೀನಿನ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, ಓದುವುದಿದೆ ಎಂದದ್ದು ಸುಳ್ಳು, ಸಿಟ್ಟು ಬಂದಿತ್ತು ಎಂದು ನೇರವಾಗಿ ಹೇಳಿಬಿಟ್ಟಳು. ಹುಡುಗಿಯ ಮೇಲೆ ಅಲ್ಲ ಎಂದೂ ಸೇರಿಸಿದಳು. ಮತ್ತೆ ಯಾರ ಮೇಲೆ ಎಂದು ನಾನು ಕೇಳಲಿಲ್ಲ. ಗಂಟಲು ಸರಿಮಾಡಿಕೊಂಡು ‘ಸಂವೇದನೆ’ಯವರೆಗೂ ಬಂದಿದ್ದೆ, ಅಷ್ಟರಲ್ಲಿ ರಿಯಾ ನನ್ನ ಪಕ್ಕದಿಂದ ಮುಂದೆ ಬಂದಳು. ಒಂದೊಂದೇ ಪದವನ್ನು ಒಳಗಿನಿಂದ ಹುಡುಕಿ ತೆಗೆಯುತ್ತಿದ್ದಳು.

“ನಾನು ನಿಮ್ಮನ್ನ... ಏನಂತ ಕರೀಲಿ?”

ಸವಿತಾ ಕೋಲನ್ನು ಬದಿಗೆ ಸರಿಸಿ ಬೆಂಚಿನ ಮೇಲೆ ಜಾಗ ಮಾಡಿದಳು.

“ಅಕ್ಕ ಅಂದ್ರ ಸಾಕವ್ವ.”

ರಿಯಾ ಪಕ್ಕದಲ್ಲಿ ಕೂತು ಸಾರಿನ ಪೊಟ್ಟಣದ ಗಂಟು ಬಿಚ್ಚತೊಡಗಿದಳು. ನಾನು ನಿಂತೇ ಇದ್ದೆ. ತಪ್ಪಾಯ್ತು ಸವಿತಾ ಎಂದೆ, ಅವಳು ತಲೆಯಾಡಿಸಿದಳು. ಹತ್ತು ದಿನ ಕೂತು ಬರೆದ ಕ್ಷಮಾಪಣೆಯಲ್ಲಿ ನಿಘಂಟಿನ ಒಳ್ಳೆಯ ಪದಗಳೆಲ್ಲ ಇದ್ದವು. ಮಗಳು ಕೇಳಿದ ಆ ಪ್ರಶ್ನೆಯೊಂದು ಮಾತ್ರ ಅದರಲ್ಲಿ ಇರಲಿಲ್ಲ.